ಹಿನ್ನೆಲೆ ಸದ್ದು

ಅವನ ಬಾಯಲ್ಲಿ ಹೊಗಳಿಕೆ ಬಂದದ್ದನ್ನು ಕಂಡವರು ಕಡಿಮೆ. ಕಂಪ್ಯೂಟರ್ ಗೇಮುಗಳ ಬಗ್ಗೆ ವಾರಕ್ಕೆ ಮೂರು ವಿಡಿಯೊ ಮಾಡಿ ಇಂಟರ್ನೆಟ್ಟಿಗೆ ಹಾಕುವುದು ಅವನ ಚಟ, ಮೂರರಲ್ಲೂ ತುಂಬಿರುತ್ತಿದ್ದುದು ತಕರಾರೇ. ಅದಕ್ಕೇ ನೋಡುಗರು ಅವನನ್ನು ತಕರಾರಣ್ಣ ಎಂದು ಕರೆಯುತ್ತಿದ್ದರು, ಅವನಿಗೂ ಅದು ಬಿರುದಿನ ಹಾಗೆ ಹಿತವಾಗಿತ್ತು. ಹೊಸ ಗೇಮು ಬಂದರೆ, ಅರ್ಧ ಬೆಂದದ್ದನ್ನು ಬಡಿಸಿ ಉಳಿದದ್ದನ್ನು ಅಪ್‌ಡೇಟಿನಲ್ಲಿ ಕಳಿಸುತ್ತಾರೆ ಎಂದು ರೇಗುವನು. ಒಬ್ಬನೇ ಕೂತು ಆಡುವ ಆಟಕ್ಕೂ ಇಂಟರ್ನೆಟ್ ಬೇಕೆಂದರೆ, ನನ್ನ ಮನೆ ಬಾಗಿಲು ತೆಗೆಯಲು ಇನ್ಯಾರದೋ ಅಪ್ಪಣೆ ಯಾಕೆ ಎಂದು ಕೇಳುವನು. ತಿಂಗಳಿಗೊಮ್ಮೆ ಪರದೆಯ ಮೇಲಿನ ಗುಂಡಿಗಳ ಜಾಗ ಬದಲಿಸುವ ತಂತ್ರಾಂಶ ಕಂಪನಿಗಳಿಗಂತೂ ನೀರಿಳಿಸಿಬಿಡುತ್ತಿದ್ದ. ಇನ್ನು ಈ ಕೃತಕ ಬುದ್ಧಿಮತ್ತೆ, ಅದು ಮನೆಗೆ ಬಂದ ದೂರದ ಸಂಬಂಧಿಯಂತೆ, ಕೇಳದಿದ್ದರೂ ಸಲಹೆ ಕೊಡುತ್ತದೆ ಎನ್ನುವುದು ಅವನ ಅಭಿಪ್ರಾಯ.

ಹಗಲು ಹೊತ್ತು ಅವನು ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸತ್ತ ಡಿಸ್ಕುಗಳಿಂದ ಜನರ ಫೋಟೊ, ಕಾಗದಪತ್ರ ಹೊರಗೆ ತೆಗೆದುಕೊಡುವುದರಲ್ಲಿ ಅವನದು ಎತ್ತಿದ ಕೈ. ಸಂಜೆ ಆರಕ್ಕೆ ಮನೆ ಸೇರಿ, ಮುಖ ತೊಳೆದು, ತನ್ನ ಕೋಣೆಯಲ್ಲಿ ಕೂತು ದೊಡ್ಡ ಹೆಡ್‌ಫೋನ್ ಏರಿಸಿದನೆಂದರೆ ಮುಗಿಯಿತು, ಮನೆಯ ಪಾಲಿಗೆ ಅವನು ಇಲ್ಲ. ಮೂವತ್ತೈದು ತುಂಬಿದ ಮಗ ಹೀಗೆ ಕೂತರೆ ಬೇರೆ ಮನೆಯಲ್ಲಿ ರಂಪವಾಗುತ್ತಿತ್ತು. ಇವನ ಅಮ್ಮ ಮಾತ್ರ, ಆಡಿಕೊಳ್ಳಲಿ ಬಿಡಿ, ಕುಡಿಯುತ್ತಾನಾ ಇಸ್ಪೀಟಾಡುತ್ತಾನಾ ಎಂದು ಅಪ್ಪನ ಬಾಯಿ ಮುಚ್ಚಿಸುತ್ತಿದ್ದಳು.

ಅಮ್ಮನ ಹೊಲಿಗೆ ಯಂತ್ರ ಇದ್ದದ್ದು ಪಕ್ಕದಲ್ಲೇ, ನಡುವೆ ಒಂದು ಹಲಗೆಯ ಗೋಡೆ. ಕಾಲು ತುಳಿಯುತ್ತಿದ್ದರೆ ಅವಳ ಬಾಯಿಯೂ ಓಡುತ್ತಿತ್ತು. ಯಾರ ಅಳತೆ ಬಿಗಿಯಾಯಿತು, ಯಾರು ಕೊಟ್ಟ ಬಟ್ಟೆ ತೊಳೆದ ಕೂಡಲೇ ಕುಗ್ಗುವಂಥದು, ಮೇಲಿನ ಮನೆಯವರ ನಲ್ಲಿ ಯಾಕೆ ಇನ್ನೂ ಸೋರುತ್ತಿದೆ, ಎಲ್ಲವನ್ನೂ ಗೋಡೆಗೆ ಹೇಳುವಳು. ನಡುನಡುವೆ ಮಗನನ್ನು ಕೂಗುವಳು. ಆ ಕೂಗು, ಆ ಯಂತ್ರದ ಟಕಟಕ, ಎರಡೂ ಮೊದಲೆರಡು ವರ್ಷದ ವಿಡಿಯೊಗಳಲ್ಲೆಲ್ಲ ಇದ್ದವು. ನೋಡುಗರು ಬಿಡುತ್ತಾರೆಯೇ? ತಕರಾರಣ್ಣ, ಹಿಂದೆ ರೈಲು ಹೋಗುತ್ತಿದೆಯಾ ಎಂದು ಒಬ್ಬ ಬರೆದ. ಮೊದಲು ನಿಮ್ಮಮ್ಮನ ವಾಲ್ಯೂಮ್ ಕಡಿಮೆ ಮಾಡಿ, ಆಮೇಲೆ ಗೇಮಿನ ಸೌಂಡ್ ಬಗ್ಗೆ ಮಾತಾಡಿ ಎಂದು ಇನ್ನೊಬ್ಬ ಬರೆದ. ಅದಕ್ಕೆ ಮುನ್ನೂರು ಜನ ನಕ್ಕಿದ್ದರು. ಅವನಿಗೆ ನಾಚಿಕೆಯಿಂದ ಮುಖ ಎತ್ತುವ ಹಾಗಿರಲಿಲ್ಲ.

ಆಗ ಸಿಕ್ಕಿತು ಆ ತಂತ್ರಾಂಶ. ಮೈಕಿನ ಎದುರು ಕೂತವನ ದನಿಯೊಂದನ್ನು ಉಳಿಸಿ, ಮಿಕ್ಕ ಸದ್ದನ್ನೆಲ್ಲ ಆಗಿಂದಾಗಲೇ ಅಳಿಸಿಹಾಕುವುದು ಅದರ ಕೆಲಸ. ಹತ್ತಕ್ಕೆ ನಾಲ್ಕರ ಮೇಲೆ ಅಂಕ ಕೊಡಲು ಕೈ ಬಾರದ ಮನುಷ್ಯ ಅದಕ್ಕೆ ಹತ್ತಕ್ಕೆ ಹತ್ತು ಕೊಟ್ಟ. ಕೊಟ್ಟು ಸುಮ್ಮನಾಗಲಿಲ್ಲ. ಹಳೆಯ ವಿಡಿಯೊಗಳನ್ನೆಲ್ಲ ಮೂರು ದಿನ ಕೂತು ಅದರಲ್ಲಿ ಹಾಯಿಸಿ, ಸದ್ದು ತೆಗೆದದ್ದನ್ನು ಇಂಟರ್ನೆಟ್ಟಿನಲ್ಲಿದ್ದ ಹಳೆಯದರ ಜಾಗಕ್ಕೆ ಹಾಕಿ, ಡಿಸ್ಕಿನಲ್ಲಿದ್ದ ಮೂಲಪ್ರತಿಗಳನ್ನೂ ಅಳಿಸಿದ. ಡಿಸ್ಕಿನಲ್ಲಿ ಜಾಗವಾಯಿತು ಎಂದು ಖುಷಿಪಟ್ಟದ್ದೂ ನಿಜ.

ಅದಾಗಿ ನಾಲ್ಕು ತಿಂಗಳಿಗೆ ಅಮ್ಮ ತೀರಿಕೊಂಡಳು. ಬೆಳಿಗ್ಗೆ ಹತ್ತೂವರೆಗೆ, ಯಾರದೋ ಅಂಗಿಯ ತೋಳು ಕೂಡಿಸುತ್ತಿದ್ದವಳು ಯಂತ್ರದ ಮೇಲೇ ತಲೆ ಇಟ್ಟಳು. ಹೃದಯದ ರಕ್ತನಾಳ ತಿಂಗಳುಗಟ್ಟಲೆ ಕಟ್ಟಿಕೊಳ್ಳುತ್ತಾ ಬಂದಿರಬೇಕು, ನೋವು ಬಂದೇ ಇರುತ್ತದೆ, ನಿಮಗೆ ಏನೂ ಹೇಳಿರಲಿಲ್ಲವೇ ಎಂದು ವೈದ್ಯರು ಕೇಳಿದರು. ಹೇಳಿರಲಿಲ್ಲ. ಸ್ವಲ್ಪ ಮೊದಲೇ ಬಂದಿದ್ದರೆ ಎಂದು ಶುರುಮಾಡಿದ ಮಾತನ್ನು ವೈದ್ಯರು ಅಪ್ಪನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಮೂವತ್ತೆಂಟು ವರ್ಷ ಜೊತೆಗಿದ್ದವಳು ಒಂದು ಮಾತೂ ಆಡದೆ ಹೋದಳಲ್ಲ ಎನ್ನುವುದು ಅಪ್ಪನ ಕೊರಗಾಗಿ ಉಳಿಯಿತು.

ಅಪ್ಪ ಅಳಲಿಲ್ಲ. ಬಟ್ಟೆ ಕೊಟ್ಟವರ ಮನೆಮನೆಗೆ ಹೋಗಿ, ಹೊಲಿದದ್ದು, ಹೊಲಿಯದೆ ಉಳಿದದ್ದು ಎಲ್ಲ ತಲುಪಿಸಿ ಬಂದರು. ಯಂತ್ರಕ್ಕೆ ಒಂದು ಚಾದರ ಹೊದಿಸಿದರು. ಎಂಟು ತಿಂಗಳು ಹೀಗೇ ಕಳೆದ ಮೇಲೆ ಒಂದು ದಿನ ಚಹಾ ಲೋಟ ಕೈಯಲ್ಲಿ ಹಿಡಿದು ಮಗನ ಬಾಗಿಲಲ್ಲಿ ನಿಂತರು. ಆ ಬಾಗಿಲಿಗೆ ಅವರು ಬರುತ್ತಿದ್ದುದೇ ಅಪರೂಪ.

"ಅವಳ ದನಿ ಮರೆತುಹೋಗ್ತಿದೆ ಕಣೋ," ಎಂದರು. "ಮುಖ ಬರುತ್ತೆ. ಮಾತೂ ಬರುತ್ತೆ. ದನಿ ಬರ್ತಿಲ್ಲ."

ಅಮ್ಮನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅಕ್ಕನ ಮದುವೆಯ ವಿಡಿಯೊದಲ್ಲಿ ಮೊದಲಿಂದ ಕೊನೆಯವರೆಗೂ ಸಂಗೀತ ತುಂಬಿದ್ದರು. ಅಕ್ಕನಿಗೆ ಫೋನು ಮಾಡಿದರೆ ಅವಳ ಬಳಿಯೂ ಏನೂ ಇಲ್ಲ, ದಿನಾ ಮಾತಾಡುತ್ತಿದ್ದವಳ ಮಾತನ್ನು ಯಾರಾದರೂ ಹಿಡಿದಿಡುತ್ತಾರಾ ಎಂದು ಬಿಕ್ಕಿದಳು. ಆಮೇಲೆ ಅವಳಿಗೇ ಹೊಳೆಯಿತು. ಲೋ, ನಿನ್ನ ವಿಡಿಯೊ ತುಂಬ ಅಮ್ಮನೇ ಇದ್ದಳಲ್ಲ, ಜನ ಆಡಿಕೊಂಡು ನಗುತ್ತಿದ್ದರಲ್ಲ, ಹುಡುಕು ಎಂದಳು. ಅಳಿಸಿದ್ದೇನೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಊರವರ ಡಿಸ್ಕುಗಳಿಂದೆಲ್ಲ ತೆಗೆದವನಿಗೆ ತನ್ನದು ತೆಗೆಯಲು ಬಾರದೇ ಎಂಬ ಧೈರ್ಯವೂ ಇತ್ತು. ಭಾನುವಾರ ಕೇಳಿಸುತ್ತೇನೆ ಎಂದು ಅಪ್ಪನಿಗೆ ಮಾತು ಕೊಟ್ಟ. ಅಪ್ಪನ ಮುಖದಲ್ಲಿ ಕಂಡ ಗೆಲುವು ಅವನಿಗೆ ನೋಡಲಾಗದಷ್ಟಿತ್ತು.

ಮಾರನೆಯ ದಿನ ಡಿಸ್ಕನ್ನು ಅಂಗಡಿಗೆ ಒಯ್ದು, ಗೊತ್ತಿದ್ದ ಉಪಾಯವನ್ನೆಲ್ಲ ಮಾಡಿದ. ಸಿಕ್ಕಿದ್ದು ಯಾವುದೋ ಗೇಮಿನ ಚೂರುಗಳು. ಜಾಗವಾಯಿತೆಂದು ತಾನೇ ತುಂಬಿದ ಎಂಬತ್ತೆಂಬತ್ತು ಜಿಬಿಯ ಅಪ್‌ಡೇಟುಗಳು ಸರಿಯಾಗಿ ಅಲ್ಲೇ ಬಂದು ಕೂತಿದ್ದವು. ಅಂಗಡಿ ಯಜಮಾನ ಮೂರನೆಯ ದಿನ ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟ. "ಅಳಿಸಿದ್ದು ಮಾತ್ರ ಆಗಿದ್ದರೆ ತೆಗೀಬಹುದಿತ್ತು. ಅದರ ಮೇಲೆ ಬರೆದಾಗಿದೆ. ಇದನ್ನ ನೀನೇ ಗಿರಾಕಿಗಳಿಗೆ ಎಷ್ಟು ಸಲ ಹೇಳಿಲ್ಲ?"

ಹೇಳಿದ್ದ, ಬೇಜಾರಿಲ್ಲದೆ ಹೇಳಿದ್ದ. ಅತ್ತವರಿಗೆ ಬ್ಯಾಕಪ್ಪಿನ ಬಗ್ಗೆ ಪಾಠವನ್ನೂ ಮಾಡಿದ್ದ.

ಕೊನೆಯ ಆಸೆಯೆಂದು ಊಟದ ಬಿಡುವಿನಲ್ಲಿ ಇಂಟರ್ನೆಟ್ಟಿನ ವಿಡಿಯೊಗಳನ್ನೇ ಒಂದೊಂದಾಗಿ ಕೇಳುತ್ತಾ ಹೋದ. ಎಲ್ಲೋ ಒಂದು ಕಡೆ ತಂತ್ರಾಂಶ ತಪ್ಪಿರಬಹುದು, ಒಂದು ಕೂಗಾದರೂ ನುಸುಳಿರಬಹುದು. ಅದು ತಪ್ಪಿರಲಿಲ್ಲ. ಹತ್ತಕ್ಕೆ ಹತ್ತು ಸುಮ್ಮನೆ ಕೊಟ್ಟಿದ್ದನೇ? ವಿಡಿಯೊದಲ್ಲಿ ತಾನು ಬಂದೂಕಿನ ಸದ್ದು ಸರಿಯಿಲ್ಲವೆಂದು ದೂರುತ್ತಿರುತ್ತಾನೆ, ಥಟ್ಟನೆ ನಿಲ್ಲಿಸುತ್ತಾನೆ, ಒಂದು ಕ್ಷಣ ನಿಶ್ಶಬ್ದ, ಆಮೇಲೆ "ಹೂಂ ಅಮ್ಮ" ಎನ್ನುತ್ತಾನೆ. ಮತ್ತೆ ಬಂದೂಕು. ಮತ್ತೆ ನಿಶ್ಶಬ್ದ. "ಬಂದೆ." "ಇರು ಒಂದ್ನಿಮಿಷ." "ಆಮೇಲೆ ಹೇಳಮ್ಮ." ಕೇಳಿದ ಅಷ್ಟೂ ವಿಡಿಯೊಗಳಲ್ಲಿ ಅವಳ ಪಾಲಿಗೆ ಉಳಿದದ್ದು ಈ ಖಾಲಿ ಜಾಗಗಳು. ಅವನು ಊಟದ ಡಬ್ಬಿ ಮುಚ್ಚಿಟ್ಟು, ಅಂಗಡಿಯ ಹಿಂದೆ ಹಳೆಯ ಮಾನಿಟರುಗಳ ರಾಶಿಯ ಪಕ್ಕ ನಿಂತು ಅತ್ತ. 

ಭಾನುವಾರ ಮಧ್ಯಾಹ್ನ ಅಪ್ಪ ಕ್ಷೌರ ಮಾಡಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದು ಅವನ ಕೋಣೆಯಲ್ಲಿ ಕೂತರು. ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ. ಜನರ ಮಾತಿಗೆ ನಾಚಿದ್ದು, ತಂತ್ರಾಂಶ ಹಾಕಿದ್ದು, ಹಳೆಯದನ್ನೂ ಬಿಡದೆ ತೊಳೆದದ್ದು, ಒಂದನ್ನೂ ಮುಚ್ಚಿಡದೆ ಹೇಳಿದ. ಬೈಯುತ್ತಾರೆ ಎಂದುಕೊಂಡಿದ್ದ, ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಮಾತ್ರ, ಅವಳ ಮುಖವಾದರೂ ಎಲ್ಲಾದರೂ ಇದೆಯಾ ಎಂದು ಕೇಳಿದರು.

ಒಂದರಲ್ಲಿ ಇತ್ತು. ಆ ತಂತ್ರಾಂಶವನ್ನು ಹೊಗಳಿ ಮಾಡಿದ ವಿಡಿಯೊ, ಅವನು ಮಾಡಿದ್ದರಲ್ಲೆಲ್ಲ ಹೆಚ್ಚು ಜನ ನೋಡಿದ್ದು ಅದನ್ನೇ. ಪರೀಕ್ಷೆ ತೋರಿಸಲೆಂದು ಅವತ್ತು ಹೊಲಿಗೆ ಯಂತ್ರವನ್ನು ಕೋಣೆಯೊಳಗೆ ಎಳೆತಂದು, ಅಮ್ಮನನ್ನು ತನ್ನ ಬೆನ್ನ ಹಿಂದೆ ಕೂರಿಸಿ, ಜೋರಾಗಿ ತುಳಿ, ಬಾಯಿಗೆ ಬಂದದ್ದು ಮಾತಾಡು, ನಿಲ್ಲಿಸಬೇಡ ಎಂದಿದ್ದ. ತಾನು ಹೆಡ್‌ಫೋನಿನಲ್ಲಿ ಸದ್ದು ತೆಗೆದ ದನಿಯನ್ನೇ ಕೇಳಿಕೊಳ್ಳುತ್ತಾ ಕ್ಯಾಮೆರಾ ಕಡೆ ತಿರುಗಿದ್ದ. ಅಪ್ಪ ಅವನ ಒಂದು ವಿಡಿಯೊವನ್ನೂ ಈವರೆಗೆ ನೋಡಿದವರಲ್ಲ. ಈಗ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

ಪರದೆಯ ಮೇಲೆ ಅವನು ಮಾತಾಡುತ್ತಿದ್ದ, ಹಿಂದೆ ಅಮ್ಮ ಕಾಣಿಸಿದಳು. ಮೂಗಿನ ಮೇಲೆ ಕನ್ನಡಕ, ಕೊರಳಲ್ಲಿ ಅಳತೆ ಪಟ್ಟಿ. ಕಾಲು ತುಳಿಯುತ್ತಿದೆ, ಬಾಯಿ ಆಡುತ್ತಿದೆ, ಸದ್ದಿಲ್ಲ. ಅಪ್ಪ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ತುಟಿಗಳೂ ಅವಳ ಜೊತೆ ಸಣ್ಣಗೆ ಆಡತೊಡಗಿದವು. ನೆನಪಾಗಿ ಬಿಕ್ಕುತ್ತಿದ್ದಾರೆ ಎಂದುಕೊಂಡ ಅವನು, ಸಾಕಾ ಅಪ್ಪ, ನಿಲ್ಲಿಸಲಾ ಎಂದು ಕೇಳಿದ.

"ಸುಮ್ನಿರು. ಅವಳು ಮಾತಾಡ್ತಿದ್ದಾಳೆ."

ಅಪ್ಪ ಮೂವತ್ತೊಂದು ವರ್ಷ ಬಟ್ಟೆ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ದುಡಿದವರು. ಇನ್ನೂರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಕಿವಿಗೆ ಕೆಲಸವಿಲ್ಲ. ಅಲ್ಲಿಯವರು ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು, ಜಗಳ, ತಮಾಷೆ, ಸಾವಿನ ಸುದ್ದಿ ಎಲ್ಲವೂ ತುಟಿಯಲ್ಲೇ ನಡೆಯುತ್ತಿತ್ತು. ಮಗನಿಗೆ ಇದು ಗೊತ್ತಿರಬೇಕಾದ ಸಂಗತಿ. ಅವನು ಎಂದೂ ಕೇಳಿರಲಿಲ್ಲ.

"ಏನ್ ಮಾತಾಡಲಿ ಅಂತಿದ್ದಾಳೆ," ಎಂದು ಅಪ್ಪ ಒಂದೊಂದೇ ಮಾತು ಹೆಕ್ಕಿ ಹೇಳತೊಡಗಿದರು. "ಇವನಿಗೆ ಹೇಗೂ ಕೇಳಿಸಲ್ಲ ಅಂತಾಳೆ. ನಗ್ತಿದ್ದಾಳೆ ನೋಡು." ಅವರ ಮುಖದಲ್ಲೂ ನಗು ಮೂಡಿತು. ಮಗನ ಎದೆ ಹಗುರಾಯಿತು. ದನಿ ಹೋದರೆ ಹೋಗಲಿ, ಮಾತಾದರೂ ಸಿಕ್ಕಿತಲ್ಲ ಎಂದು ಅವನು ಅಪ್ಪನ ಪಕ್ಕ ನೆಲದ ಮೇಲೆ ಕೂತ.

ಆಮೇಲೆ ಅಪ್ಪನ ನಗು ಹೋಯಿತು. ಪರದೆಯ ಮೇಲೆ ಅಮ್ಮ ತುಳಿಯುತ್ತಲೇ ಎಡಗೈಯನ್ನು ಒಂದು ಸಲ ಕೊಡವಿ, ಮತ್ತೆ ಬಟ್ಟೆಯ ಮೇಲಿಟ್ಟಳು.

"ಏನಂತೆ ಅಪ್ಪ?"

"ಹದಿನೈದು ದಿನ ಆಯ್ತಂತೆ. ಮೆಟ್ಟಿಲು ಹತ್ತಿದರೆ ಎದೆ ಹಿಡ್ಕೊಳ್ಳುತ್ತಂತೆ. ಈ ಕೈ ಜೋಮು ಹಿಡಿಯುತ್ತಂತೆ." ಅಪ್ಪ ಮತ್ತೆ ನೋಡಿದರು. "ಇವನಪ್ಪನಿಗೆ ಹೇಳಿದರೆ ನಾಳೆಯೇ ಮಷೀನು ಮಾರಿಬಿಡ್ತಾರೆ ಅಂತಾಳೆ. ಇವನಿಗೆ ಹೇಳೋಣ ಅಂದರೆ ಯಾವಾಗಲೂ ಕಿವಿ ಮುಚ್ಕೊಂಡಿರ್ತಾನೆ. ಇವತ್ತು ಹೇಳಿದ ಹಾಗೂ ಆಯ್ತು, ಹೇಳದ ಹಾಗೂ ಆಯ್ತು, ಅಂತಾಳೆ."

ಪರದೆಯ ಮೇಲಿದ್ದ ಅವನು ಆಗ ಬೆನ್ನ ಹಿಂದಕ್ಕೆ ಹೆಬ್ಬೆರಳು ತೋರಿಸಿ, ನೋಡಿದಿರಾ, ಒಂದು ಚೂರೂ ಕೇಳಿಸುತ್ತಿಲ್ಲ, ಇದಪ್ಪಾ ತಂತ್ರಜ್ಞಾನ ಅಂದರೆ ಎಂದು ಹೇಳುತ್ತಿದ್ದ. ನಲವತ್ತು ಸಾವಿರ ಜನ ಅದನ್ನು ನೋಡಿದ್ದರು. ಇನ್ನು ನಾಲ್ಕು ತಿಂಗಳಷ್ಟೇ ಬದುಕಲಿದ್ದ ಹೆಂಗಸು ಅವರೆಲ್ಲರ ಎದುರು ತನ್ನ ನೋವು ಹೇಳಿಕೊಂಡಿದ್ದಳು, ಅವನು ಒಂದು ಮೊಳ ದೂರದಲ್ಲಿದ್ದ. ಅಮ್ಮ, ತಿರುಗಿ ನೋಡಬೇಕಿತ್ತು ನಾನು ಎಂದು ಅವನ ಮನಸ್ಸು ಕೂಗಿಕೊಂಡಿತು. ಅಪ್ಪನ ಮೊಣಕಾಲಿಗೆ ಹಣೆ ಒತ್ತಿ ಕೂತುಬಿಟ್ಟ.

ಅಪ್ಪ ಅವನನ್ನು ಬೈಯಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟರು, ಕಣ್ಣು ಪರದೆಯಿಂದ ತೆಗೆಯಲಿಲ್ಲ.

"ಹೇಳಿದ್ದಳು ಕಣೋ," ಎಂದರು. "ನಾವು ಕೇಳಿಸಿಕೊಳ್ಳಲಿಲ್ಲ, ಅಷ್ಟೇ. ಇನ್ನೊಂದ್ಸಲ ಹಾಕು. ನಿನ್ನ ಮಾತು ಮಧ್ಯೆ ಬರುತ್ತೆ, ಅದೊಂದನ್ನ ನಿಲ್ಸು."

ಅವನು ಎದ್ದು ತನ್ನ ದನಿಯನ್ನು ಪೂರ್ತಿ ಇಳಿಸಿ, ವಿಡಿಯೊವನ್ನು ಮೊದಲಿನಿಂದ ಹಾಕಿದ.