ಹದಿನೇಳನೇ ತೇಲುಚೆಂಡು

ಭಾವನಾ ಹಡಗು ಹತ್ತಿಬಿಡುತ್ತಾಳೇನೋ ಎಂದು ನೆನೆದರೇ ಸಾಕು, ಹೇಮಶ್ರೀಗೆ ಹೊಟ್ಟೆ ಉರಿಯುತ್ತಿತ್ತು. ಉರಿಯದೆ ಇನ್ನೇನು! ಅಮೆರಿಕದ ಸ್ಯಾನ್ ಹೋಸೆಯ ಈ ಆಫೀಸಿನಲ್ಲಿ ಹನ್ನೊಂದು ವರ್ಷ ಕೂತು ಗ್ರೀನ್‌ಲ್ಯಾಂಡಿನ ಕಡಲಪ್ರವಾಹಗಳ ಜಾಡು ಹಿಡಿದವಳು ಅವಳು. ಆದರೆ ತೇಲುವ ಒಂದು ಹಿಮಗುಡ್ಡವನ್ನೂ ಕಣ್ಣಾರೆ ಕಂಡಿರಲಿಲ್ಲ. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಈ ಮೈಸೂರಿನ ಹುಡುಗಿಯೋ, ಆಗಲೇ ದಪ್ಪ ಜಾಕೆಟ್ಟು ಕೊಂಡು ಕುರ್ಚಿಗೆ ನೇತುಹಾಕಿದ್ದಳು. ಎಷ್ಟು ಧೈರ್ಯ!

ಸಮೀಕ್ಷೆಯ ಹಡಗಿನಲ್ಲಿ ಇದ್ದದ್ದು ಒಂದೇ ಜಾಗ. ಹಿಮಗುಡ್ಡವೊಂದನ್ನು ತೋರಿಸಿ, ಶುಕ್ರವಾರ ಅದು ಎಲ್ಲಿರುತ್ತದೆಂದು ಸರಿಯಾಗಿ ಹೇಳಿದವರು ಹೋಗಲಿ ಎಂದುಬಿಟ್ಟಿದ್ದರು ಬಾಸ್ ಅರವಿಂದ.

ಪ್ರವಾಹ ಅಳೆಯಲೆಂದು ಕಡಲಿಗೆ ಬಿಟ್ಟಿದ್ದ ತೇಲುಚೆಂಡುಗಳ ಜಾಡನ್ನು ಸೋಮವಾರ ಹೇಮಶ್ರೀ ಕಂಪ್ಯೂಟರಿನಲ್ಲಿ ನೋಡುತ್ತಿದ್ದಳು. ಹದಿನೇಳನೆಯದು ಯದ್ವಾತದ್ವಾ ಓಡುತ್ತಿತ್ತು. ಚೆಂಡಿನ ಕೆಳಗೆ, ನೀರೊಳಗೆ, ಬಟ್ಟೆಯ ಉದ್ದನೆಯ ಚೀಲ ಇಳಿಬಿದ್ದಿರುತ್ತದೆ. ಅದಿದ್ದರೆ ಚೆಂಡು ಪ್ರವಾಹದ ಜೊತೆ ಹೋಗುತ್ತದೆ, ಕಿತ್ತುಹೋದರೆ ಗಾಳಿ ತಳ್ಳಿದತ್ತ. ಇದರದು ಕಿತ್ತುಹೋಗಿತ್ತು. ಅಂಥದನ್ನು ಕಂಡರೆ ಎಲ್ಲರೂ ನೋಡುವ ಪಟ್ಟಿಯಲ್ಲಿ ಕೆಂಪು ಗುರುತು ಹಾಕಿ, ಕಂಡ ದಿನ ಬರೆಯಬೇಕು. ಇಷ್ಟು ವರ್ಷ ಆ ಕೆಲಸ ಹೇಮಶ್ರೀಯದೇ. ಈ ಸಲ ಅವಳು ಗುರುತು ಹಾಕಲಿಲ್ಲ. ತನ್ನ ಲೆಕ್ಕದಿಂದ ಮಾತ್ರ ಹದಿನೇಳನ್ನು ಸದ್ದಿಲ್ಲದೆ ತೆಗೆದಳು. ಭಾವನಾ ಅದನ್ನೇ ನಂಬಿ ಒದ್ದಾಡಲಿ, ಮಹಾರಾಯ್ತಿ!

ಶುಕ್ರವಾರ ಉಪಗ್ರಹದ ಚಿತ್ರ ಬಂತು. ಗುಡ್ಡ ಹೇಮಶ್ರೀ ಹೇಳಿದ ಕಡೆಯೇ ಇತ್ತು. ಭಾವನಾಳ ಲೆಕ್ಕ ನಲವತ್ತು ಕಿಲೋಮೀಟರು ತಪ್ಪಿತ್ತು.

ಭಾವನಾಳ ಮುಖ ಸಪ್ಪಗಾಯಿತು. ಆದರೂ ಜಾಕೆಟ್ಟು ತಂದು ಹೇಮಶ್ರೀಯ ತೊಡೆಯ ಮೇಲಿಟ್ಟಳು.

“ತಗೊಳ್ಳಿ ಅಕ್ಕಾ. ಅಲ್ಲಿ ಚಳಿ ಅಂದ್ರೆ ಚಳಿ. ನಿಜವಾಗ್ಲೂ ನೀವೇ ಹೋಗ್ಬೇಕಿತ್ತು. ಅಂದಹಾಗೆ, ಹಡಗಿನವರಿಗೆ ಈಗ ರೂಟು ಕಳಿಸ್ತಾ ಇದೀನಿ. ಹದಿನೇಳರ ಮೇಲೆ ಡೌಟು ಬಂದಿತ್ತು. ನೀವು ಕೆಂಪು ಹಾಕಿಲ್ವಲ್ಲ, ತಪ್ಪು ನಂದೇ ಅಂದ್ಕೊಂಡು ಅದನ್ನೂ ಸೇರಿಸಿದೀನಿ.”

ಹೇಮಶ್ರೀ ಗಕ್ಕನೆ ತಲೆಯೆತ್ತಿದಳು. ಗುಡ್ಡಗಳ ನಡುವೆ ಇಪ್ಪತ್ತು ಜನರ ಹಡಗು, ಅದಕ್ಕೆ ಗಾಳಿ ತಳ್ಳಿದ ಚೆಂಡು ತೋರಿಸಿದ ದಾರಿ!

“ತಡಿಯಮ್ಮ, ಕಳಿಸ್ಬೇಡ!”

ಪಟ್ಟಿ ತೆರೆದು ಹದಿನೇಳರ ಮುಂದೆ ಕೆಂಪು ಹಾಕಿದಳು. ಪಕ್ಕದಲ್ಲಿ ಕಂಡ ದಿನ ಬರೆಯುವ ಜಾಗ ಖಾಲಿಯಿತ್ತು. ಇವತ್ತು ಎಂದು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವಳು ಸೋಮವಾರ ಎಂದು ಬರೆದಳು.

ಭಾವನಾ ಬಗ್ಗಿ ಓದಿದಳು.

“ಸೋಮವಾರಾನೇ ಗೊತ್ತಿತ್ತಾ ಅಕ್ಕಾ?”

“ಹೂಂ. ಹೊಟ್ಟೆಕಿಚ್ಚು ಕಣೇ.” ಹೇಮಶ್ರೀ ಜಾಕೆಟ್ಟನ್ನು ಮಡಚಿ ಅವಳ ಕೈಗೆ ಕೊಟ್ಟಳು. ಕೊಡುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು.