ನಡುಮನೆಯಲ್ಲಿ ಕೂತ ಮುನಿನಾರಾಯಣಪ್ಪ

ಕೋರಮಂಡಲ್ ಚಿನ್ನದ ಗಣಿಯೊಳಗೆ ವರ್ಷಗಟ್ಟಲೆ ಬಂಡೆ ಕೊರೆಯುವ ಮಿಷನ್ ಹಿಡಿದ ಮುನಿನಾರಾಯಣಪ್ಪನಿಗೆ ಕಿವಿ ಮೆಲ್ಲಗೆ ಕೈಕೊಟ್ಟಿತು. ಕೆಲಸ ಬಿಟ್ಟು ಬಂಗಾರಪೇಟೆ ಪಕ್ಕದ ತನ್ನೂರಿಗೆ ಬಂದ. ಕರೆದರೆ ತಿರುಗುತ್ತಿರಲಿಲ್ಲ, ಒಂದು ಕೇಳಿದರೆ ಇನ್ನೊಂದು ಹೇಳುತ್ತಿದ್ದ. ತಲೆ ಕೆಟ್ಟಿದೆ ಎಂದು ಊರವರು ಆಡಿಕೊಂಡರು. ನಾಚಿ ಅವನು ಜಗುಲಿಗೆ ಬರುವುದನ್ನೇ ಬಿಟ್ಟ. ಹೆಂಡತಿ ಅಕ್ಕಯ್ಯಮ್ಮನಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ.

ಒಂದು ದಿನ ಅವಳ ತಮ್ಮ ಬಚ್ಚಪ್ಪ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ತಂದ.

"ಬಾವನ ಕಿವೀಗೆ ಬಿಸಿಬಿಸೀಲೇ ಉಯ್ದುಬುಡಕ್ಕ. ಕಟ್ಕೊಂಡಿರೋದು ಬುಟ್ಕೊತೈತೆ."

"ಇರೋ ಕಿವೀನೂ ಸುಟ್ಟೋತೈತೆ!" ಅಕ್ಕಯ್ಯಮ್ಮ ಎಣ್ಣೆ ಬಟ್ಟಲು ಕಿತ್ತು ಪಕ್ಕಕ್ಕಿಟ್ಟಳು. "ಮೈನ್ಸ್ ಡಾಕ್ಟ್ರು ನೋಡವ್ರೆ. ಏನೂ ಕಟ್ಕೊಂಡಿಲ್ಲ. ಮಿಷನ್ ಸದ್ದಿಗೆ ಒಳಗಿನ ನರ ಸತ್ತೋಗೈತಂತೆ, ಯಾವ ಎಣ್ಣೇಗೂ ಬರಲ್ಲ. ಕೂಗಬ್ಯಾಡಿ, ಮೊಕ ತೋರ್ಸಿ ನಿಧಾನಕ್ಕೆ ಮಾತಾಡಿ ಅಂದ್ರು."

ಅವಳು ಹಾಗೇ ಮಾಡಿದಳು. ಅವರೆಕಾಯಿ ಬಿಡಿಸುವಾಗಲೂ ಗಂಡನ ಎದುರೇ ಕೂತು ಮಾತಾಡುವಳು. ಮೊದಮೊದಲು ಅವನು ರೇಗಿ ಎದ್ದು ಹೋಗುತ್ತಿದ್ದ. ಬರಬರುತ್ತಾ ಅವಳ ತುಟಿ ನೋಡಿಯೇ ಮಾತು ಹಿಡಿಯತೊಡಗಿದ. ಒಂದು ಸಲ ಅವಳ ತಮಾಷೆಗೆ ಗಹಗಹಿಸಿ ನಕ್ಕಾಗ ಅವಳ ಕಣ್ಣು ತುಂಬಿತು.

ಮಗಳು ಮುತ್ಯಾಲಮ್ಮನನ್ನು ನೋಡಲು ಕಾಮಸಮುದ್ರದ ಶ್ರೀರಾಮಪ್ಪ ಮಗನೊಂದಿಗೆ ಬರುವ ದಿನ ಬಚ್ಚಪ್ಪ ಪಿಸುಗುಟ್ಟಿದ: "ಬಾವನ್ನ ಹಿತ್ಲಿಗೆ ಕಳ್ಸಕ್ಕ. ಕಿವುಡು ವಂಸದಾಗೈತೆ ಅಂದ್ಕೊಂಡಾರು."

"ಯಾಕ್ಲಾ? ನೆಲದಡೀಲಿ ದುಡಿದು ಕಳ್ಕೊಂಡಿರೋ ಕಿವಿ. ಕಳ್ತನ ಮಾಡವ್ರಾ ಬಚ್ಚಿಡಾಕೆ?"

ಬೆಳಕು ಬೀಳುವ ನಡುಮನೆಯಲ್ಲೇ ಗಂಡನಿಗೆ ಚಾಪೆ ಹಾಸಿದಳು.

ಬಂದ ಶ್ರೀರಾಮಪ್ಪ ಪಕ್ಕದಿಂದ ಮಾತಾಡಿಸಿದ; ಮುನಿನಾರಾಯಣಪ್ಪ ತಿರುಗದಿದ್ದಾಗ ಅವನ ಕಿವಿಗೆ ಬಾಯಿಟ್ಟು ಕಿರುಚಿದ. ಅಕ್ಕಯ್ಯಮ್ಮ ಮುಂದೆ ಬಂದಳು.

"ಅಣ್ಣ, ಕೂಗಬ್ಯಾಡಿ. ಎದುರಿಗೆ ಕೂತು ಮೆಲ್ಲಗೆ ಮಾತಾಡಿ, ಅವರಿಗೆ ತಿಳೀತೈತೆ."

ಶ್ರೀರಾಮಪ್ಪ ಸಂಕೋಚದಿಂದ ಎದುರು ಕೂತ. "ತಪ್ಪು ತಿಳ್ಕೋಬ್ಯಾಡಿ. ಇದು ಮೊಮ್ಮಕ್ಕಳಿಗೂ ಬತ್ತೈತಾ?"

ಮುನಿನಾರಾಯಣಪ್ಪ ಅವನ ತುಟಿಯನ್ನೇ ನೋಡಿ ಹೇಳಿದ: "ಅವರನ್ನ ನನ್ನಂಗೆ ಮಿಷನ್ ಹಿಡಿಯಾಕೆ ಕಳ್ಸಬ್ಯಾಡಿ, ಬರಲ್ಲ. ಈಗ ನಾನೊಂದು ಕೇಳ್ತೀನಿ. ಮಗಳು ನಗೋದು ನನಗೆ ಕೇಳ್ಸಲ್ಲ, ಕಾಣ್ತೈತೆ ಅಷ್ಟೇ. ನಾನು ನಿಮ್ಮನೇಗೆ ಬಂದಾಗೆಲ್ಲ ಅದು ಕಾಣಬೇಕು. ಆಯ್ತದಾ?"

ಶ್ರೀರಾಮಪ್ಪ ಅವನ ಎರಡೂ ಕೈ ಹಿಡಿದುಕೊಂಡು, ತುಟಿ ಕಾಣುವಂತೆ ನಿಧಾನವಾಗಿ, "ಆಯ್ತದೆ ಬೀಗರೇ," ಎಂದ.

ಒಳಗೆ ಮುತ್ಯಾಲಮ್ಮ ತಲೆ ತಗ್ಗಿಸಿ ನಕ್ಕಳು. ಬೀಗರಿಗೆ ತಾಂಬೂಲದ ತಟ್ಟೆ ಕೊಡಲು ಬಚ್ಚಪ್ಪ ಕೈ ಚಾಚಿದಾಗ ಅಕ್ಕಯ್ಯಮ್ಮ ಅದನ್ನು ಗಂಡನ ಕೈಗೇ ಇಟ್ಟಳು. ನೆಂಟರ ನಡುವೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಅವನನ್ನು ನೋಡುತ್ತಾ, ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ತಲೆಯೆತ್ತಿ ನಿಂತಳು.