ಕೂರಿಗೆ ಖಾಲಿ ಓಡಿದ ಹತ್ತು ಹೆಜ್ಜೆ

ಈ ಸಂಗತಿಯನ್ನು ಮೊದಲು ಹೇಳಿದವಳು ಮಣ್ಣೂರಿನ ಕುಲಸುಮಬಿ. ಹೇಳಿದ್ದು ೧೯೮೮ರ ಸಂಕ್ರಾಂತಿಗೆ ನಾಲ್ಕು ದಿನ ಮೊದಲು, ಇಳಿಹೊತ್ತಿನಲ್ಲಿ, ನಿಂಬೆವ್ವನ ಹೊಲದ ನಡುವೆ. ಆಳೆತ್ತರದ ಬಿಳಿಜೋಳದ ಮಧ್ಯೆ ಅಲ್ಲೊಂದು ಉದ್ದನೆಯ ಖಾಲಿ ಜಾಗವಿತ್ತು. ಅಗಲ ನಾಲ್ಕು ಮೊಳ, ಉದ್ದ ಹತ್ತು ಹೆಜ್ಜೆ. ಅದರ ಒಂದು ತುದಿಗೆ ಗುಂಡಿ ತೋಡಿ, ಕುಳ್ಳಿನ ಕೆಂಡ ಮಾಡಿ, ಹಾಲುಗಾಳಿನ ತೆನೆಗಳನ್ನು ಸುಟ್ಟು ಸೀತನಿ ಮಾಡುತ್ತಿದ್ದರು. ಕೇಳಲು ಕುಳಿತ ಹೆಂಗಸರು ಐವರು. ತೆನೆ ತಿರುವುತ್ತಿದ್ದವಳು ನಿಂಬೆವ್ವನೇ. ತನ್ನ ಕಥೆಯನ್ನು ಇನ್ನೊಬ್ಬಳ ಬಾಯಲ್ಲಿ ಕೇಳುವುದಕ್ಕೆ ಅವಳ ತಕರಾರಿರಲಿಲ್ಲ. ತಪ್ಪಿತೆನಿಸಿದಲ್ಲಿ ಮಾತ್ರ ತಿದ್ದುತ್ತಿದ್ದಳು.

ನಿಂಬೆವ್ವನ ಗಂಡ ವರ್ಷದ ಬಹುಪಾಲು ಕುರಿಹಿಂಡಿನ ಜೊತೆ ಊರೂರು ಅಲೆಯುವವನು. ಬಿತ್ತನೆಗೆ ಕೂರಿಗೆ ಹೊಡೆಯುವವನು ಮೈದುನ ಬೀರಲಿಂಗಪ್ಪ. ಕೂರಿಗೆಯ ಹಿಂದೆ ನಡೆಯುತ್ತ ಅದರ ಬಟ್ಟಲಿಗೆ ಮುಷ್ಟಿಯಿಂದ ಜೋಳ ಬಿಡುವವಳು ನಿಂಬೆವ್ವ. ಪಕ್ಕದಲ್ಲಿ, ಜೋಳದ ನಡುನಡುವೆ ಬರುವ ಕಡಲೆಯ ಅಕ್ಕಡಿ ಸಾಲು ಬಿಡುವವಳು ಕುಲಸುಮಬಿ. ಇಪ್ಪತ್ತೆರಡು ವರ್ಷ ಈ ಮೂವರ ಜಾಗ ಬದಲಾಗಿರಲಿಲ್ಲ. ಕೂರಿಗೆ ಸಾಲಿಗೆ ಇಳಿಯಿತೆಂದರೆ ಆಚೆಯ ಬದು ಮುಟ್ಟುವ ತನಕ ಬೀಜದ ಕೈ ನಿಲ್ಲಬಾರದು. ನಿಂತಲ್ಲಿ ಪೈರು ಹುಟ್ಟುವುದಿಲ್ಲ. ದಾರಿಯಲ್ಲಿ ಹೋಗುವವರು ಸುಗ್ಗಿಯ ತನಕ ಆ ಖಾಲಿಯನ್ನು ನೋಡಿ, ಇದು ಯಾರ ಕೈ ಎಂದು ಕೇಳುತ್ತಾರೆ. ನಿಂಬೆವ್ವನ ಹೊಲದ ಮುಂದೆ ಯಾರೂ ಹಾಗೆ ಕೇಳಿದ್ದಿಲ್ಲ.

ಆ ಸಂಕ್ರಾಂತಿಗೆ ಮುಂಚಿನ ಶ್ರಾವಣದಲ್ಲಿ ನಿಂಬೆವ್ವ ತಲೆನೋವೆಂದು ಅಫಜಲಪುರದ ದವಾಖಾನೆಗೆ ಹೋದಾಗ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, ಬಿ.ಪಿ. ಬಹಳ ಏರಿದೆಯೆಂದು ಎರಡು ಗುಳಿಗೆ ಬರೆದುಕೊಟ್ಟಿದ್ದರು. ಅದರಲ್ಲೊಂದು ಮೈಯ ನೀರನ್ನು ಹೊರಹಾಕುವಂಥದ್ದು. ನುಂಗಿದ ಅರ್ಧ ತಾಸಿಗೆ ಶುರುವಾಗಿ ಮಧ್ಯಾಹ್ನದ ತನಕ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕಾಗುತ್ತಿತ್ತು. ಮನೆಯಲ್ಲಿದ್ದಷ್ಟು ದಿನ ಹೇಗೋ ನಡೆಯಿತು. ಗುಳಿಗೆ ಬಿಡುವ ಮಾತಿರಲಿಲ್ಲ. ಇದೇ ಬಿ.ಪಿ.ಯಿಂದ ಅವಳ ಅಕ್ಕನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮೂರು ವರ್ಷ ಆ ಅಕ್ಕನಿಗೆ ತುತ್ತು ಮಾಡಿ ಉಣಿಸಿದವಳು ನಿಂಬೆವ್ವ. ಬೀಜ ಬಿಡುವುದೂ ಬಲಗೈಯೇ.

ಬಿತ್ತನೆಯ ಮೊದಲ ದಿನ ತೊಡಕು ತಿಳಿಯಿತು. ಕಣ್ಣು ಹಾಯುವವರೆಗೂ ಕರಿ ಎರೆಮಣ್ಣಿನ ಬಯಲು. ಮರೆಗೆ ಒಂದು ಗಿಡವಿಲ್ಲ. ಸುತ್ತಲ ಹೊಲಗಳಲ್ಲೆಲ್ಲ ಕೂರಿಗೆಗಳು, ಗಂಡಸರು. ಒಂದೊಂದು ಸಾಲನ್ನೂ ತಡೆದುಕೊಂಡೇ ಮುಗಿಸಿ, ಬದು ಮುಟ್ಟಿದೊಡನೆ ನಿಂಬೆವ್ವ ದೂರದ ಹಳ್ಳದ ತನಕ ಹೋಗಿ ಬರಬೇಕಾಯಿತು. ನಾಲ್ಕನೆಯ ಸಲಕ್ಕೆ ಬೀರಲಿಂಗಪ್ಪ ಕೇಳಿದ:

"ವೈನಿ, ಎತ್ತು ನಿಂತಲ್ಲೇ ನಿದ್ದಿ ಮಾಡಾಕತ್ತಾವ. ಹಳ್ಳದಾಗ ಏನ್ ಹಾಲು ಹರ್ಯಾಕತ್ತದೇನು?"

"ಎತ್ತಿನ ಬಾಲ ನೋಡಿ ಹೊಡಿಯೋದಷ್ಟ ನಿನ್ನ ಕೆಲಸ. ಹೆಂಗಸರ ದಾರಿ ಯಾಕ ನೋಡ್ತೀಲೇ?" ಎಂದಳು ಕುಲಸುಮಬಿ.

ಮರುದಿನ ನಿಂಬೆವ್ವ ಗುಳಿಗೆ ನುಂಗಿದಳು, ನೀರು ಕುಡಿಯುವುದನ್ನು ಬಿಟ್ಟಳು. ಹೊಲದ ಹೆಂಗಸರೆಲ್ಲ ಬಲ್ಲ ಉಪಾಯ ಅದು: ಕುಡಿಯದಿದ್ದರೆ ಹೋಗಬೇಕಾಗಿಲ್ಲ. ಉಪಾಯ ಫಲಿಸಿದಂತೆಯೂ ಕಂಡಿತು. ಹಳ್ಳಕ್ಕೆ ಹೋದದ್ದು ಎರಡೇ ಸಲ. ಹೊತ್ತು ನೆತ್ತಿಗೆ ಬಂದಾಗ ಬದುವಿನ ಮೇಲೆ ಕುಳಿತು ಉಡಿಗೆ ಬೀಜ ತುಂಬಿಕೊಂಡು ದಡಕ್ಕನೆ ಎದ್ದಳು, ಸಾಲಿಗೆ ಇಳಿದಳು. ನಡುಹೊಲಕ್ಕೆ ಬರುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂದು ಬಿದ್ದಳು.

"ಬಿದ್ದಿಲ್ಲ. ಕುಂತೆ," ಎಂದಳು ನಿಂಬೆವ್ವ ಕೆಂಡದಿಂದ ತಲೆಯೆತ್ತದೆ.

"ಕುಂತಾಕಿ ಬಾಯಾಗ ಮಣ್ಣು ಹೆಂಗ ಬಂತು ಬೇ?"

ಹೆಂಗಸರು ನಕ್ಕರು. ಕುಲಸುಮಬಿ ಮುಂದುವರಿಸಿದಳು. ತಾನು ಕೂಗಿ, ಅದು ಬೀರಲಿಂಗಪ್ಪನ ಕಿವಿಗೆ ಬಿದ್ದು, ಎತ್ತು ನಿಲ್ಲುವಷ್ಟರಲ್ಲಿ ಕೂರಿಗೆ ಹತ್ತು ಹೆಜ್ಜೆ ಖಾಲಿ ಓಡಿತ್ತು. ಉಡಿಯ ಬೀಜವೆಲ್ಲ ಒಂದೇ ಕಡೆ ಚೆಲ್ಲಿ ಗುಡ್ಡೆಯಾಗಿತ್ತು. ಮುಖಕ್ಕೆ ನೀರು ಹೊಡೆದು ಎಬ್ಬಿಸಿದಾಗ ನಿಂಬೆವ್ವ ಮೊದಲು ನೋಡಿದ್ದು ತನ್ನ ಬಲಗೈಯನ್ನು. ಬೆರಳು ಮಡಚಿದಳು, ಬಿಡಿಸಿದಳು.

"ಸಾಕು ವೈನಿ. ಬೀಜ ಬಿಡಾಕ ನಾಳಿ ಸುಂದರಬಾಯಿಗಿ ಹೇಳ್ತೇನಿ. ನೀ ಮನ್ಯಾಗಿರು," ಎಂದ ಬೀರಲಿಂಗಪ್ಪ.

"ಗುಳಿಗಿ ಬಿಟ್ರ ಕೈ ಹೋಗ್ತದ. ತಗೊಂಡ್ರ ಸಾಲು ಹೋಗ್ತದ. ನಾ ಎರಡೂ ಬಿಡಂಗಿಲ್ಲ. ನಾಳಿ ಒಂದಿನ ಕೂರಿಗಿ ನಿಲ್ಸು."

"ಮಣ್ಣಿನ ಹಸಿ ಆರ್ತದಲ್ಲ?"

"ಒಂದಿನಕ್ಕ ಆರಂಗಿಲ್ಲ. ಹಸಿ ನನಗೂ ಗೊತ್ತದ."

ಮರುದಿನ ಮೊದಲ ಬಸ್ಸಿಗೆ ಅವಳೊಬ್ಬಳೇ ಅಫಜಲಪುರಕ್ಕೆ ಹೋದಳು. ದವಾಖಾನೆಯ ಬಾಗಿಲಲ್ಲಿ ಸಿಕ್ಕವಳು ನರ್ಸ್ ಗೌಸಿಯಾಬೇಗಂ. ಅವಳ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು.

"ಹೋದ ಸಲ ಗುಳಿಗಿ ಒಯ್ಯಾಕ ಬಂದಾಗ, ಏನರ ತಕಲೀಫ್ ಅದ ಏನಂತ ಡಾಕ್ಟ್ರು ಕೇಳಿದ್ರಲ್ಲ ಅಕ್ಕಾ? ಏನಿಲ್ಲ ಅಂದ್ರಿ ನೀವು."

"ಗಂಡಸರ ಮುಂದ ಅದನ್ನ ಹೆಂಗ ಹೇಳ್ಬೇಕ್ರಿ ಬಾಯಿ?"

"ಹಂಗಾರ ನಾ ಹೇಳ್ತೇನಿ, ಬರ್ರಿ."

ಡಾಕ್ಟರ ಕೋಣೆಯ ಪರದೆ ಹಿಡಿದು ನಿಂಬೆವ್ವ ಅವಳನ್ನು ತಡೆದಳು. "ಬ್ಯಾಡ್ರಿ," ಎಂದಳು. "ನನ್ನ ಮೈ. ನಾನೇ ಹೇಳ್ತೇನಿ."

ಸಾಲು, ಹಳ್ಳ, ಕುಡಿಯದೆ ಬಿಟ್ಟ ನೀರು, ಬಿದ್ದದ್ದು, ಎಲ್ಲವನ್ನೂ ನೆಲ ನೋಡುತ್ತ ಹೇಳಿದಳು. ಡಾಕ್ಟರು ಅವಳನ್ನು ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಪಟ್ಟಿ ಸುತ್ತಿ ನೋಡಿದರು. ನೀರಿನ ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು. ಕೋಳಿ ಕೂಗುವ ಹೊತ್ತಿಗೇ ನುಂಗಿದರೆ ಬಿಸಿಲೇರುವಷ್ಟರಲ್ಲಿ ಅದರ ಜೋರು ಇಳಿಯುತ್ತದೆಂದರು. ನೀರು ಕುಡಿಯುವುದನ್ನು ಬಿಡಕೂಡದು, ಕುಳಿತಲ್ಲಿಂದ ಏಳುವಾಗ ಹತ್ತು ಎಣಿಸಿ ಏಳಬೇಕು ಎಂದು ಎರಡು ಸಲ ಹೇಳಿದರು.

"ಇದನ್ನ ಮೊದ್ಲೇ ಹೇಳಬೇಕಿತ್ತಲ್ಲಮ್ಮ."

"ನೀವೂ ಕೇಳಬೇಕಿತ್ರಿ, ಹೊಲದಾಗ ಮರಿಗಿ ಗಿಡ ಅದ ಏನಂತ."

ನಾಲ್ಕನೆಯ ದಿನ ಅವಳು ಹೊಲಕ್ಕೆ ಬಂಡಿ ತಂದಳು. ಸಾಲುಗಳು ಮುಗಿಯುವ ಬದುವಿನ ಮೇಲೆ ಅದನ್ನು ನಿಲ್ಲಿಸಿ, ಬಂಡಿಯ ಅಂಚಿನ ಗಳಗಳಿಂದ ಚಕ್ರದವರೆಗೆ ಎರಡು ಕೌದಿ ಕಟ್ಟಿ ಮರೆ ಮಾಡಿದಳು. ಕೆಂಪು ಹಳದಿ ತುಂಡುಗಳ ಆ ಕೌದಿಗಳು ಕರಿಯ ಹೊಲದ ಅಂಚಿನಲ್ಲಿ ಎಷ್ಟು ದೂರಕ್ಕೂ ಕಾಣುತ್ತಿದ್ದವು.

"ಯಾರ ಮದಿವಿ ವೈನಿ, ಹಂದರ ಹಾಕಿದಿ?" ಎಂದ ಬೀರಲಿಂಗಪ್ಪ.

"ಹೆಂಗಸರ ಜಾಗ ಅದು. ಆ ಕಡಿ ನೋಡಬ್ಯಾಡ," ಎಂದು ನಿಂಬೆವ್ವ ಎಲ್ಲರೆದುರು ಕುಳಿತು ಚರಿಗೆ ತುಂಬ ನೀರು ಕುಡಿದು, ಮೆಲ್ಲಗೆ ಎದ್ದು, ಕೂರಿಗೆಯ ಹಿಂದೆ ಬಂದು ನಿಂತಳು.

ಇಲ್ಲಿಗೆ ಬಂದಾಗ ಕುಲಸುಮಬಿ ಕೈಯಲ್ಲಿದ್ದ ಸೀತನಿಯನ್ನು ಕೆಳಗಿಟ್ಟಳು. "ಆ ಕೌದಿ ಹಿಂದ ಮೊದ್ಲು ಹೋದಾಕಿ ಈಕಿ ಅಲ್ಲ, ನಾ. ನನಗ್ಯಾವ ಗುಳಿಗಿನೂ ಇಲ್ಲ. ಇಪ್ಪತ್ತೆರಡು ವರ್ಷ ಹೊತ್ತು ಮುಳುಗೂತನ ತಡಕೊಂಡು ಬಿತ್ತೇನಿ. ಇದಕ್ಕೂ ಒಂದು ಜಾಗ ಮಾಡ್ಕೊಬಹುದು ಅಂತ ನನಗ ಹೊಳೆದಿದ್ದೇ ಇಲ್ಲ."

ಆಮೇಲೆ ಪಕ್ಕದ ಹೊಲದ ಹೆಂಗಸರು ಬದು ದಾಟಿ ಬಂದರು. ಇಳಿಹೊತ್ತಿಗೆ ಸುಂದರಬಾಯಿಯೂ ಬಂದಳು. ಬಿತ್ತನೆ ಮುಗಿಯುವ ತನಕ ಸಾಲು ಎಲ್ಲಿಯೂ ನಿಲ್ಲಲಿಲ್ಲ. ಖಾಲಿ ಓಡಿದ ಹತ್ತು ಹೆಜ್ಜೆಗೆ ಕುಸುಬೆಯನ್ನಾದರೂ ಊರಲೇ ಎಂದು ಬೀರಲಿಂಗಪ್ಪ ಕೇಳಿದ್ದ. ನಿಂಬೆವ್ವ ಬೇಡವೆಂದಿದ್ದಳು.

"ಯಾಕ ಬಿಟ್ಟಿ ಬೇ?" ಎಂದು ಕೇಳಿದಳು ಐವರಲ್ಲೊಬ್ಬಳು.

"ಕುಂತು ಸೀತನಿ ತಿನ್ನಾಕ ಜಾಗ ಬೇಕಲ್ಲ," ಎಂದಳು ನಿಂಬೆವ್ವ.

ಬಿಸಿಲು ತೆನೆಗಳ ತುದಿಗೆ ಏರಿತ್ತು. ಹೆಂಗಸರು ಉಡಿಯ ಹೊಟ್ಟು ಕೊಡವಿ ಎದ್ದರು. ನಿಂಬೆವ್ವ ಕಾಲು ಚಾಚಿ, ಮಂಡಿಯ ಮೇಲೆ ಅಂಗೈ ಊರಿ ಕುಳಿತೇ ಇದ್ದಳು. ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. ಯಾರೂ ಕೈ ನೀಡಲಿಲ್ಲ. ಯಾರೂ ಮುಂದೆ ಹೋಗಲಿಲ್ಲ. ಹತ್ತರ ಎಣಿಕೆ ಮುಗಿಸಿ ಎದ್ದು, ಚರಿಗೆಯಿಂದ ನಾಲ್ಕು ಗುಟುಕು ಕುಡಿದು, ಉಳಿದ ನೀರನ್ನು ಕೆಂಡದ ಮೇಲೆ ಸುರಿದಳು. ಆಮೇಲೆ ಅವಳು ಮುಂದೆ, ಉಳಿದವರು ಹಿಂದೆ, ಒಬ್ಬೊಬ್ಬರಾಗಿ ಸಾಲಿನ ಗುಂಟ ಊರ ಕಡೆ ನಡೆದರು.